ಊರ ಹೆಸರು, ಅಕ್ಷರದ ಅಂಕಿ: ಗಣಕದೊಳಗಿನ ಕನ್ನಡ ಲಿಪಿ



ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನಾಲ್ಕು ಬಸ್ಸುಗಳು ನಿಂತಿವೆ ಎಂದುಕೊಳ್ಳಿ. ಒಂದರ ಹಣೆಯ ಮೇಲೆ ಚನ್ನಗಿರಿ, ಇನ್ನೊಂದರ ಮೇಲೆ ಹೊನ್ನಾಳಿ, ಮತ್ತೊಂದರ ಮೇಲೆ ನ್ಯಾಮತಿ, ನಾಲ್ಕನೆಯದರ ಮೇಲೆ ಜಗಳೂರು ಎಂದು ಬರೆದಿದೆ. ಮೂರನೆಯ ತರಗತಿಯ ಹುಡುಗಿಯೂ ಫಲಕ ಓದಿ ತನ್ನ ಊರಿನ ಬಸ್ಸು ಹತ್ತುತ್ತಾಳೆ. ಬರೆದವನ ಕೈ ಸೊಟ್ಟಗಿದ್ದರೂ, ಬಣ್ಣ ಅರ್ಧ ಉದುರಿದ್ದರೂ ಆಕೆಗೆ ಅಡ್ಡಿಯಿಲ್ಲ. ಆದರೆ ಇದೇ ನಾಲ್ಕು ಹೆಸರುಗಳನ್ನು ಗಣಕದೊಳಗೆ ಇಟ್ಟಾಗ ಅದು ಏನನ್ನು ಓದುತ್ತದೆ? ಗಣಕಕ್ಕೆ 'ಚ'ಕಾರ ಗೊತ್ತಿಲ್ಲ; ಒತ್ತು ಗೊತ್ತಿಲ್ಲ; ಕೊಂಬು, ದೀರ್ಘ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ.

ಹಾಗಾದರೆ ಕನ್ನಡದ ಯಾವ ಅಕ್ಷರಕ್ಕೆ ಯಾವ ಅಂಕಿ? ಅದನ್ನು ಗೊತ್ತು ಮಾಡಿದವರು ಯಾರು? ಗೊತ್ತು ಮಾಡುವಾಗ ತಪ್ಪಾಗಿದ್ದರೆ ಗತಿಯೇನು? ಇವು ಕೇವಲ ತಂತ್ರಜ್ಞರ ಪ್ರಶ್ನೆಗಳೆಂದು ತೋರಬಹುದು. ಆದರೆ ಪಹಣಿಯಲ್ಲಿರುವ ರೈತನ ಹೆಸರು, ಮತದಾರರ ಪಟ್ಟಿಯಲ್ಲಿರುವ ಅಜ್ಜಿಯ ಹೆಸರು, ಶಾಸನದಲ್ಲಿರುವ ಕೆರೆಯ ಹೆಸರು ಇವೆಲ್ಲ ಇಂದು ಅಂಕಿಗಳ ಸಾಲಾಗಿಯೇ ಉಳಿದಿವೆ. ಅಂಕಿ ತಪ್ಪಿದರೆ ಹೆಸರು ತಪ್ಪುತ್ತದೆ. ಆದ್ದರಿಂದ ಇದು ಎಲ್ಲರ ಪ್ರಶ್ನೆ.

ಅಕ್ಷರಕ್ಕೊಂದು ಸರ್ವೆ ನಂಬರು

ಇದನ್ನು ಅರ್ಥ ಮಾಡಿಕೊಳ್ಳಲು ಹೊಲದ ಸರ್ವೆ ನಂಬರನ್ನು ನೆನೆಯುವುದು ಒಳ್ಳೆಯದು. ಒಂದು ಹೊಲದಲ್ಲಿ ಈ ವರ್ಷ ಮೆಕ್ಕೆಜೋಳ ಬೆಳೆದಿರಬಹುದು. ಹತ್ತು ವರ್ಷದ ನಂತರ ಅದೇ ಹೊಲ ಅಡಿಕೆ ತೋಟವಾಗಿರಬಹುದು. ನೋಡುವ ಕಣ್ಣಿಗೆ ಹೊಲದ ರೂಪ ಬದಲಾಯಿತು. ಸರ್ವೆ ನಂಬರು ಬದಲಾಗಲಿಲ್ಲ. ಅಕ್ಷರವೂ ಹಾಗೆಯೇ. 'ಕ' ಎಂಬುದನ್ನು ದುಂಡಗೆ ಬರೆಯಬಹುದು, ದಪ್ಪಗೆ ಬರೆಯಬಹುದು, ಮದುವೆಯ ಕರೆಯೋಲೆಯಲ್ಲಿ ಬಳುಕಿಸಿ ಬರೆಯಬಹುದು. ರೂಪ ಏನೇ ಇರಲಿ, ಅದು 'ಕ'. ಗಣಕದಲ್ಲಿ ಉಳಿಯಬೇಕಾದದ್ದು 'ಕ' ಎಂಬ ಗುರುತಿನ ಅಂಕಿಯೇ ಹೊರತು ಅದರ ಚಿತ್ರವಲ್ಲ. ಚಿತ್ರವನ್ನು ತೆರೆಯ ಮೇಲೆ ಬರೆದು ತೋರಿಸುವುದು ಫಾಂಟಿನ ಕೆಲಸ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಕನ್ನಡವು ಗಣಕಕ್ಕೆ ಬಂದ ಕಥೆಯೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಅಮೆರಿಕದವರು 1963ರಲ್ಲಿ ರೂಪಿಸಿದ ಆಸ್ಕಿ ಎಂಬ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನಗಳು ಮಾತ್ರ. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರ, ಅಂಕಿ, ಚಿಹ್ನೆ ಸೇರಿದರೆ ಪಟ್ಟಿ ತುಂಬಿತು. ಮುಂದೆ ಇದೇ ಪಟ್ಟಿ 256 ಸ್ಥಾನಗಳಿಗೆ ಹಿಗ್ಗಿತು. ಹಿಗ್ಗಿದ ಜಾಗದಲ್ಲಿ ಯೂರೋಪಿನ ಭಾಷೆಗಳ ಅಕ್ಷರಗಳು ಬಂದು ಕುಳಿತವು. ಕನ್ನಡದಂಥ, ಜಪಾನಿಯಂಥ ಭಾಷೆಗಳು ಹೊರಗೇ ನಿಂತವು.

ಜಪಾನಿನ ಪಾಠ

ಜಪಾನೀಯರ ಕಷ್ಟ ಇನ್ನೂ ದೊಡ್ಡದಿತ್ತು. ಅವರಿಗೆ ಹಿರಗಾನ, ಕತಕಾನ ಎಂಬ ಎರಡು ಉಚ್ಚಾರ ಲಿಪಿಗಳಲ್ಲದೆ ಚೀನಾದಿಂದ ಬಂದ ಸಾವಿರಾರು ಕಾಂಜಿ ಅಕ್ಷರಗಳೂ ಬೇಕು. 1978ರಲ್ಲಿ ಜಪಾನ್ ತನ್ನ ರಾಷ್ಟ್ರೀಯ ಅಕ್ಷರ ಪಟ್ಟಿಯನ್ನು ಹೊರತಂದಿತು. ಅದರಲ್ಲಿ ಕಾಂಜಿ ಅಕ್ಷರಗಳೇ 6,349. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಲದೆ ಎರಡು ಬೈಟ್‌ಗಳನ್ನು ಬಳಸಿದರು. ಪಟ್ಟಿ ಒಂದೇ ಆದರೂ ಅದನ್ನು ಯಂತ್ರದಲ್ಲಿ ಬರೆಯುವ ವಿಧಾನಗಳು ಮೂರಾದವು: ಅಂಚೆಗೆ ಒಂದು, ಮೇಜಿನ ಮೇಲಿನ ಗಣಕಕ್ಕೆ ಒಂದು, ಸಂಶೋಧನಾಲಯದ ದೊಡ್ಡ ಗಣಕಕ್ಕೆ ಇನ್ನೊಂದು. ಒಂದು ವಿಧಾನದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು ಕಾಣುತ್ತಿದ್ದವು. ಈ ಪಾಡಿಗೆ ಜಪಾನಿಯಲ್ಲಿ ಒಂದು ಪದವೇ ಹುಟ್ಟಿತು: ಮೊಜಿಬಾಕೆ. ಅಕ್ಷರಗಳು ವೇಷ ಬದಲಿಸಿಕೊಳ್ಳುವುದು ಎಂಬಂಥ ಅರ್ಥ.

ಆ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಊರುಗಳ ಹೆಸರುಗಳಿಗೆ ಬೇಕಾದ ಅಕ್ಷರಗಳು ಬಿಟ್ಟುಹೋಗಬಾರದೆಂದು ದೇಶದ ಸ್ಥಳನಾಮಗಳ ಕೋಶವನ್ನೂ ಜಾಲಾಡಿ ಅಕ್ಷರಗಳನ್ನು ಆಯ್ದಿದ್ದರು. ಷಿಗಾ ಪ್ರಾಂತ್ಯದ ಒಂದು ಸಣ್ಣ ಊರಿನ ಹೆಸರಿನಲ್ಲಿ 'ಬೆಟ್ಟ' ಎಂಬ ಗುರುತಿನ ಕೆಳಗೆ 'ಹೆಣ್ಣು' ಎಂಬ ಗುರುತು ಸೇರಿದ ಅಪರೂಪದ ಅಕ್ಷರವಿತ್ತು. ಅದಕ್ಕೆ ಅಚ್ಚುಮೊಳೆ ಇಲ್ಲದ್ದರಿಂದ ಎರಡು ಕಾಗದದ ಚೂರುಗಳನ್ನು ಒಂದರ ಕೆಳಗೊಂದು ಅಂಟಿಸಿ ಮುದ್ರಣಕ್ಕೆ ಕೊಟ್ಟಿದ್ದರು. ಚೂರಿನ ಅಂಚಿನ ನೆರಳು ಗೆರೆಯಂತೆ ಮೂಡಿತು. ಪಟ್ಟಿ ಮಾಡಿದವರು ಆ ನೆರಳನ್ನೂ ಅಕ್ಷರದ ಭಾಗವೆಂದೇ ತಿಳಿದರು. ಹೀಗೆ ಯಾವ ಊರಿನಲ್ಲೂ, ಯಾವ ಪುಸ್ತಕದಲ್ಲೂ ಇಲ್ಲದ ಅಕ್ಷರವೊಂದು ರಾಷ್ಟ್ರೀಯ ಪಟ್ಟಿಯೊಳಗೆ ಸೇರಿ, ಅಲ್ಲಿಂದ ಜಗತ್ತಿನ ಎಲ್ಲ ಗಣಕಗಳಿಗೂ ಹರಡಿತು. ಇಂಥ ಸುಮಾರು ಒಂದು ಡಜನ್ ಅಕ್ಷರಗಳಿಗೆ ಅಲ್ಲಿಯವರು 'ದೆವ್ವದ ಅಕ್ಷರ'ಗಳೆಂದು ಹೆಸರಿಟ್ಟಿದ್ದಾರೆ. 1997ರ ಪರಿಷ್ಕರಣೆಗಾಗಿ ನಡೆದ ಶೋಧದಲ್ಲಿ ಈ ಗುಟ್ಟು ಹೊರಬಿತ್ತು. ಆದರೆ ಆ ಅಕ್ಷರವನ್ನು ತೆಗೆದುಹಾಕಲು ಬರಲಿಲ್ಲ. ಒಮ್ಮೆ ಅಂಕಿ ಕೊಟ್ಟಾಗಿತ್ತು. ಈ ಕಥೆಯನ್ನು ನೆನಪಿನಲ್ಲಿಡಿ. ಕನ್ನಡಕ್ಕೂ ಇದರ ನಂಟಿದೆ.

ರೂಪದ ದಾರಿ, ಗುರುತಿನ ದಾರಿ

ಕನ್ನಡಕ್ಕೆ ಸಾವಿರಾರು ಅಕ್ಷರಗಳಿಲ್ಲ. ಶಾಲೆಯಲ್ಲಿ ಕಲಿಸುವ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಆದರೆ ಕಾಗುಣಿತ ಮತ್ತು ಒತ್ತಕ್ಷರ ಸೇರಿದಾಗ ಲೆಕ್ಕ ಬೆಳೆಯುತ್ತದೆ. 34 ವ್ಯಂಜನಗಳಿಗೆ 34 ಒತ್ತುಗಳನ್ನು ಕೊಟ್ಟರೆ 1,156. ಅವಕ್ಕೆ 13 ಸ್ವರಗಳನ್ನು ಕೂಡಿಸಿದರೆ 15 ಸಾವಿರ ದಾಟುತ್ತದೆ. ಇವೆಲ್ಲ ಬಳಕೆಯಲ್ಲಿಲ್ಲ ಎಂಬುದು ನಿಜ. ಆದರೂ 256 ಸ್ಥಾನಗಳ ಪಟ್ಟಿಯಲ್ಲಿ ಇವು ಹಿಡಿಸುವ ಮಾತೇ ಇಲ್ಲ.

ಇದಕ್ಕೆ ಎರಡು ದಾರಿಗಳಿದ್ದವು. ಮೊದಲನೆಯದು ಗುರುತಿನ ದಾರಿ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಕೆಲಸದಿಂದ 'ಇಸ್ಕಿ' ಎಂಬ ಭಾರತೀಯ ಸಂಕೇತ ಹುಟ್ಟಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಬ್ರಾಹ್ಮಿಯಿಂದ ಬಂದ ಲಿಪಿಗಳ ವರ್ಣಮಾಲೆ ಬಹುಮಟ್ಟಿಗೆ ಒಂದೇ ಆದ್ದರಿಂದ ನಾಗರಿಯ ಕ, ಕನ್ನಡದ ಕ, ತೆಲುಗಿನ ಕ ಎಲ್ಲಕ್ಕೂ ಒಂದೇ ಅಂಕಿ: 179. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ಬೇರೆ ಮಾತು. ಒತ್ತಕ್ಷರಕ್ಕೆ ಪ್ರತ್ಯೇಕ ಅಂಕಿಯಿಲ್ಲ. 'ನ್ನ' ಎಂದರೆ ನ, ವಿರಾಮ, ನ ಎಂದು ಮೂರು ಅಂಕಿ. ಪಾಣಿನಿಯ ಕಾಲದಿಂದ ಬಂದ ವರ್ಣವಿಚಾರಕ್ಕೆ ಇದು ತಕ್ಕದಾಗಿತ್ತು.

ಆದರೆ ಅಂಗಡಿಯ ಮೇಜಿನ ಮೇಲಿದ್ದ ಸಾಮಾನ್ಯ ಗಣಕಕ್ಕೆ ಈ ಮೂರು ಅಂಕಿಗಳನ್ನು ಕೂಡಿಸಿ ಒತ್ತಕ್ಷರ ಬರೆಯುವ ಬುದ್ಧಿ ಆಗ ಇರಲಿಲ್ಲ. ಹಾಗಾಗಿ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ಎರಡನೆಯ ದಾರಿ ಹಿಡಿದವು. ಅದು ರೂಪದ ದಾರಿ. ಅಕ್ಷರಗಳನ್ನು ಚೂರು ಮಾಡಿ ತಲೆಕಟ್ಟು ಬೇರೆ, ಒಡಲು ಬೇರೆ, ಒತ್ತು ಬೇರೆ, ಕೊಂಬು ಬೇರೆ ಎಂದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುವುದು. ಗಣಕ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದೇ ತಿಳಿದಿರುತ್ತದೆ; ಫಾಂಟು ಮಾತ್ರ ಕನ್ನಡದ ವೇಷ ತೊಡಿಸುತ್ತದೆ. ಒಂದೊಂದು ಕಂಪನಿಯೂ ತನ್ನದೇ ಕ್ರಮದಲ್ಲಿ ಚೂರುಗಳನ್ನು ಜೋಡಿಸಿತು. ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಫಾಂಟಿನಲ್ಲಿ ಮೊಜಿಬಾಕೆಯಾಯಿತು.

ಈ ಗೊಂದಲದ ನಡುವೆ ಕೆಲವರು ಮಾಡಿದ ಕೆಲಸವನ್ನು ಮರೆಯುವಂತಿಲ್ಲ. ಮುದ್ರಣ ತಂತ್ರಜ್ಞಾನವನ್ನು ಬಲ್ಲ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರದ ಕ್ರಮದಲ್ಲಿ ಬೆರಳಚ್ಚಿಸುವ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ 'ನುಡಿ' ತಂತ್ರಾಂಶವನ್ನು ಹೊರತಂದು, ಫಾಂಟಿನ ಚೂರುಗಳಿಗಾದರೂ ಒಂದು ಏಕರೂಪದ ಕ್ರಮ ಇರಲೆಂದು ಶ್ರಮಿಸಿತು. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಹೋಬಳಿ ಕೇಂದ್ರದ ಜೆರಾಕ್ಸ್ ಅಂಗಡಿಗಳಲ್ಲಿ ಕನ್ನಡ ಕಂಡದ್ದು ಇವರ ದುಡಿಮೆಯಿಂದ. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ 'ಚನ್ನಗಿರಿ' ಬರೆಯಲು ಎಂಟು ಕೀಲಿಗಳನ್ನು ಒತ್ತಬೇಕು: ಚ, ನ, ಒತ್ತಿಗಾಗಿ ಎಫ್ ಕೀಲಿ, ಮತ್ತೆ ನ, ಗ, ಗುಡಿಸು, ರ, ಗುಡಿಸು. ಬೆರಳು ಗುರುತಿನ ದಾರಿಯಲ್ಲೇ ನಡೆಯುತ್ತಿತ್ತು. ಗಣಕದ ಒಡಲಲ್ಲಿ ಮಾತ್ರ ರೂಪದ ಚೂರುಗಳು ಉಳಿಯುತ್ತಿದ್ದವು.

ಆ ಚೂರುಗಳ ಪರಿಯನ್ನು ಒಂದು ಪದದಲ್ಲಿ ನೋಡಬಹುದು. ಆ ಕಾಲದ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು, ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಇದು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಏಳು ಚಿಹ್ನೆಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ಇಂಥ ಕಡತದಲ್ಲಿ ಒಂದು ಹೆಸರನ್ನು ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು, ಬೇರೆ ಕಡತದೊಂದಿಗೆ ತಾಳೆ ನೋಡುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಎಚ್ಚರಿಸುತ್ತಲೇ ಇದ್ದುದಕ್ಕೆ ಕಾರಣವಿತ್ತು.

ನಾಲ್ಕು ಊರು, ನಾಲ್ಕು ಸಾಲು

1991ರ ಅಕ್ಟೋಬರಿನಲ್ಲಿ ಯೂನಿಕೋಡ್ ಎಂಬ ಸಂಕೇತದ ಮೊದಲ ಆವೃತ್ತಿ ಪ್ರಕಟವಾಯಿತು. ಜಗತ್ತಿನ ಎಲ್ಲ ಲಿಪಿಗಳ ಎಲ್ಲ ಅಕ್ಷರಗಳಿಗೂ ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ಅಂಕಿ ಕೊಡಬೇಕೆಂಬುದು ಅದರ ಸಂಕಲ್ಪ. ಭಾರತದ ಲಿಪಿಗಳನ್ನು ಅದು ಇಸ್ಕಿಯ ಕ್ರಮದಲ್ಲೇ ತೆಗೆದುಕೊಂಡಿತು. ಒಂದೊಂದು ಲಿಪಿಗೂ 128 ಸ್ಥಾನಗಳ ಒಂದು ಓಣಿ. ಕನ್ನಡದ ಓಣಿ 3200ರಿಂದ 3327ರವರೆಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಅಂಕಿಗಳನ್ನು ಕೂಡಿಸಿ ಕನ್ನಡ ಬರೆಯುವ ಬುದ್ಧಿಯನ್ನು ಸಾಮಾನ್ಯ ಗಣಕಕ್ಕೂ ತಂದಿತು. ಅದರ ಕನ್ನಡ ಫಾಂಟಿನ ಹೆಸರು 'ತುಂಗಾ'. ತುಂಗಭದ್ರೆಯ ದಂಡೆಯ ಹೊನ್ನಾಳಿಯವರಿಗೆ ಇದು ಹಿತವಾದ ಸುದ್ದಿ.

ಈಗ ನಾಲ್ಕು ಊರುಗಳನ್ನು ಗಣಕದ ಕಣ್ಣಿನಿಂದ ನೋಡಿ. ಜಗಳೂರು ಎಂದರೆ 3228, 3223, 3251, 3266, 3248, 3265. ಜ, ಗ, ಳ, ದೀರ್ಘದ ಕೊಂಬು, ರ, ಕೊಂಬು: ಆರು ಅಂಕಿ. ಒತ್ತಕ್ಷರವಿಲ್ಲದ ಸರಳ ಹೆಸರು. ಚನ್ನಗಿರಿಗೆ ಎಂಟು: 3226, 3240, 3277, 3240, 3223, 3263, 3248, 3263. ನಡುವಿನ 3277 ವಿರಾಮದ ಗುರುತು. ಮೊದಲ 'ನ'ಕಾರದ ಅಕಾರವನ್ನು ಕಳಚಿ ಮುಂದಿನದನ್ನು ಒತ್ತಾಗಿಸುವುದು ಅದೇ. ನ್ಯಾಮತಿಗೆ ಏಳು: 3240, 3277, 3247, 3262, 3246, 3236, 3263. ಕಣ್ಣಿಗೆ 'ನ್ಯಾ' ಒಂದೇ ಅಕ್ಷರ. ಗಣಕಕ್ಕೆ ಅದು ನ, ವಿರಾಮ, ಯ, ದೀರ್ಘ ಎಂಬ ನಾಲ್ಕು.

ಹೊನ್ನಾಳಿಯ ಕಥೆ ಸ್ವಲ್ಪ ಬೇರೆ. 'ಹೊ' ಎಂಬಲ್ಲಿನ ಒಕಾರದ ಗುರುತಿಗೆ 3274 ಎಂಬ ಒಂದೇ ಅಂಕಿಯಿದೆ. ಆಗ ಇಡೀ ಹೆಸರಿಗೆ ಎಂಟು ಅಂಕಿ. ಆದರೆ ಅದೇ ಗುರುತನ್ನು ಎಕಾರದ 3270 ಮತ್ತು ದೀರ್ಘ ಕೊಂಬಿನ 3266 ಎಂದು ಬಿಡಿಸಿಯೂ ಬರೆಯಬಹುದು. ಆಗ ಒಂಬತ್ತು. ತೆರೆಯ ಮೇಲೆ ಎರಡೂ ಒಂದೇ ಹೊನ್ನಾಳಿ. ಅಂಕಿಯ ಸಾಲಿನಲ್ಲಿ ಎರಡು ಹೊನ್ನಾಳಿ! ಇವೆರಡನ್ನೂ ಸಮಾನವೆಂದೇ ಎಣಿಸಬೇಕು ಎಂದು ಯೂನಿಕೋಡ್ ಕಟ್ಟಳೆ ಮಾಡಿದೆ. ತಂತ್ರಾಂಶ ಬರೆದವನು ಆ ಕಟ್ಟಳೆಯನ್ನು ಪಾಲಿಸದೆ ಹೋದರೆ, ಒಂದು ಕಡತದ ಹೊನ್ನಮ್ಮ ಇನ್ನೊಂದು ಕಡತದಲ್ಲಿ ಸಿಗದೆ ಹೋಗುತ್ತಾಳೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಗುಮಾಸ್ತ ಹುಡುಕುವುದಾದರೂ ಹೇಗೆ?

ಅಂಕಿಗಳ ತೂಕವೂ ಒಂದು ವಿಷಯ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಅಂಕಿಗೂ ಮೂರು ಬೇಕು. ಆರು ಅಂಕಿಯ ಜಗಳೂರಿಗೆ 18 ಬೈಟ್. ಮೊಬೈಲ್ ಫೋನಿನ ಕಿರುಸಂದೇಶದಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಅಂಕಿ ಮಾತ್ರ. ಒತ್ತು, ಕೊಂಬುಗಳೂ ಆ 70ರಲ್ಲೇ ಸೇರಬೇಕು. ಮೊದಲು ಬಂದವರು ಹಗುರವಾದ ಅಂಕಿಗಳನ್ನು ಹಿಡಿದರು. ತಡವಾಗಿ ಬಂದವರು ಭಾರ ಹೊರುತ್ತಿದ್ದಾರೆ.

ಒಂದು ನುಡಿ, ಹಲವು ಲಿಪಿ

ಈ ಅಂಕಿಗಳ ಕ್ರಮದಿಂದ ಆಗುವ ಉಪಕಾರಕ್ಕೂ ಇದೇ ಸೀಮೆಯಲ್ಲಿ ಒಳ್ಳೆಯ ನಿದರ್ಶನವಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಅಲ್ಲಿಗೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಭಕ್ತರು ಬರುತ್ತಾರೆ. ಎಲ್ಲರ ಮನೆಮಾತು ಲಂಬಾಣಿ. ಆದರೆ ಅದಕ್ಕೆ ತನ್ನದೇ ಲಿಪಿ ರೂಢಿಯಲ್ಲಿಲ್ಲ. ಕರ್ನಾಟಕದ ಲಂಬಾಣಿಗರು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ, ತೆಲಂಗಾಣದವರು ತೆಲುಗಿನಲ್ಲಿ, ಮಹಾರಾಷ್ಟ್ರದವರು ನಾಗರಿಯಲ್ಲಿ. ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯದು.

ಯೂನಿಕೋಡಿನಲ್ಲಿ ತೆಲುಗಿನ 'ಕ' 3093. ಕನ್ನಡದ 'ಕ' 3221. ವ್ಯತ್ಯಾಸ ಸರಿಯಾಗಿ 128. ನಾಗರಿಯ 'ಕ' 2325. ಕನ್ನಡಕ್ಕೂ ಅದಕ್ಕೂ ಅಂತರ 896, ಅಂದರೆ 128ರ ಏಳು ಪಟ್ಟು. ಹಾಗಾಗಿ ತೆಲುಗು ಲಿಪಿಯಲ್ಲಿ ಬರೆದ ಲಂಬಾಣಿ ಹಾಡಿನ ಅಂಕಿಗಳಿಗೆ 128 ಕೂಡಿಸುತ್ತ ಹೋದರೆ ಬಹುಪಾಲು ಹಾಡು ಕನ್ನಡ ಲಿಪಿಗೆ ಬಂದುಬಿಡುತ್ತದೆ. ತಾಂಡಾದ ಹಿರಿಯರ ನೆನಪಿನಲ್ಲಷ್ಟೇ ಉಳಿದಿರುವ ಹಾಡುಗಳನ್ನು ಮೂರು ರಾಜ್ಯದವರು ಕೂಡಿ ಸಂಗ್ರಹಿಸಬೇಕೆಂದರೆ ಲಿಪಿ ಇನ್ನು ಗೋಡೆಯಾಗಬೇಕಿಲ್ಲ. ಇದು ಇಸ್ಕಿ ಬಿಟ್ಟುಹೋದ ಒಳ್ಳೆಯ ಆಸ್ತಿ.

ಹೆಸರು ತಪ್ಪಿದ ಅಕ್ಷರ

ಆದರೆ 'ಬಹುಪಾಲು' ಎಂಬ ಮಾತಿನಲ್ಲಿ ಒಂದು ಕೊರತೆ ಅಡಗಿದೆ. ಅದನ್ನು ತಿಳಿಯಲು ಚನ್ನಗಿರಿಯ ಕಡೆ ಹೋಗಬೇಕು. ಆ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನಾಡಿನ ಪ್ರಸಿದ್ಧ ಕೆರೆಗಳಲ್ಲೊಂದು. ಇಂದು 'ಕೆರೆ' ಎಂದು ಬರೆಯುವ ಪದವನ್ನು ಹಳಗನ್ನಡದವರು 'ಕೆಱೆ' ಎಂದು ಬರೆಯುತ್ತಿದ್ದರು. 'ಏಳು' ಎಂಬ ಸಂಖ್ಯೆಯನ್ನು 'ಏೞು' ಎಂದು ಬರೆಯುತ್ತಿದ್ದರು. ಱ ಮತ್ತು ೞ ಇವೆರಡೂ ಕಾಲಾಂತರದಲ್ಲಿ ಬಳಕೆ ತಪ್ಪಿದವು. ಆದರೆ ಶಾಸನಗಳಲ್ಲಿ, ಹಳೆಯ ಕಾವ್ಯಗಳಲ್ಲಿ ಉಳಿದಿವೆ. ಬಿ.ಎಲ್. ರೈಸ್ ಅವರು ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 1902ರ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿ. ಇಂಥ ಶಾಸನಗಳನ್ನು ಇದ್ದಂತೆ ಗಣಕಕ್ಕೆ ತರಬೇಕಾದರೆ ಈ ಎರಡು ಅಕ್ಷರಗಳಿಗೂ ಅಂಕಿ ಬೇಕು.

ಅಂಕಿ ಇದೆ. ಆದರೆ ೞ ಅಕ್ಷರದ ಪಾಡು ವಿಚಿತ್ರ. ತಮಿಳು, ಮಲಯಾಳಗಳಲ್ಲಿ ಇದೇ ಧ್ವನಿಯ ಅಕ್ಷರ 'ಳ'ದ ಮುಂದಿನ ಮನೆಯಲ್ಲಿದೆ. ಕನ್ನಡದ ಓಣಿಯಲ್ಲಿ ಆ ಮನೆ, ಅಂದರೆ 3252, ಖಾಲಿ. ೞ ಅಕ್ಷರವನ್ನು ದೂರದ 3294ರಲ್ಲಿ ಕೂರಿಸಿದರು. ನಾಗರಿಯ ಓಣಿಯಲ್ಲಿ ಅದೇ ಕ್ರಮದ ಮನೆಯಲ್ಲಿರುವುದು ಫಾರಸಿ, ಇಂಗ್ಲಿಷ್ ಪದಗಳಿಗಾಗಿ ಬಳಸುವ, ಚುಕ್ಕೆಯಿಟ್ಟ 'ಫ'. ಹೀಗಾಗಿ ಕನ್ನಡದ ಈ ಪುರಾತನ ಅಕ್ಷರಕ್ಕೂ ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ 'ಕನ್ನಡ ಅಕ್ಷರ ಫ' ಎಂಬ ಹೆಸರು ಬಿತ್ತು! ಶಾಸನದ ಕಲ್ಲಿನಲ್ಲಿ ಸಾವಿರ ವರ್ಷ ಬಾಳಿದ ಅಕ್ಷರಕ್ಕೆ ತನಗೆ ಸಂಬಂಧವೇ ಇಲ್ಲದ ಹೆಸರು. ತಪ್ಪಾಗಿದೆಯೆಂದು ಯೂನಿಕೋಡ್ ತಾನೇ ಒಪ್ಪಿಕೊಂಡಿದೆ. ಪಕ್ಕದಲ್ಲಿ ತಿದ್ದುಪಡಿಯ ಉಪನಾಮವನ್ನೂ ಕೊಟ್ಟಿದೆ. ಆದರೆ ಮೂಲ ಹೆಸರನ್ನು ಬದಲಿಸುವಂತಿಲ್ಲ. ಒಮ್ಮೆ ಕೊಟ್ಟ ಅಂಕಿಯನ್ನಾಗಲಿ, ಹೆಸರನ್ನಾಗಲಿ ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಬದಲಿಸಿದರೆ ಹಳೆಯ ಕಡತಗಳೆಲ್ಲ ಕೆಡುತ್ತವೆ ಎಂಬ ಭಯ ನ್ಯಾಯವಾದದ್ದೇ. ಜಪಾನಿನ ದೆವ್ವದ ಅಕ್ಷರದಂತೆ ಕನ್ನಡದ ಈ ಹೆಸರೂ ಇನ್ನು ಅಳಿಸಲಾಗದ್ದು. 2014ರಲ್ಲಿ ತೆಲುಗಿನ ಓಣಿಗೆ ಇದೇ ಧ್ವನಿಯ ಅಕ್ಷರ ಸರಿಯಾದ ಮನೆಗೇ ಬಂದಿತು. ಆದರೆ 128 ಕೂಡಿಸುವ ಲೆಕ್ಕ ಹಾಕಿ ಅದನ್ನು ಕನ್ನಡಕ್ಕೆ ತರಹೋದರೆ ಸಿಗುವುದು ಅದೇ ಖಾಲಿ ಮನೆ.

ತಪ್ಪು ಯಾಕಾಯಿತು ಎಂದು ಯಾರನ್ನೂ ದೂರುವುದು ಈಗ ವ್ಯರ್ಥ. ಪಾಠವೇನೆಂಬುದು ಮುಖ್ಯ: ಅಂಕಿ ಹಂಚುವ ಪಂಕ್ತಿಯಲ್ಲಿ ಅಕ್ಷರ ಬಲ್ಲವರು ಕುಳಿತಿರಬೇಕು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ, ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂದು ಹೆಸರಾದರು. ಅಲ್ಲಿ ಕುಳಿತು ಬಾಯಿ ಬಿಟ್ಟದ್ದರಿಂದ ಕನ್ನಡಕ್ಕೆ ಆ ಸಭೆಯಲ್ಲಿ ಜಾಗ ಸಿಕ್ಕಿತು. ಲಿಪಿಗೂ ಇದೇ ಮಾತು ಸಲ್ಲುತ್ತದೆ. ಯೂನಿಕೋಡಿಗೆ ಹೊಸ ಅಕ್ಷರದ ಮನವಿಯನ್ನು ಯಾರು ಬೇಕಾದರೂ ಆಧಾರ ಸಹಿತ ಸಲ್ಲಿಸಬಹುದು. ಹಳೆಯ ಗ್ರಂಥಗಳಲ್ಲಿ ಪದದ ಕೊನೆಯ 'ನ್' ಬರೆಯಲು ಬಳಸುತ್ತಿದ್ದ 'ನಕಾರ ಪೊಲ್ಲು' ಎಂಬ ವಿಶಿಷ್ಟ ರೂಪ ಹೀಗೆ 2021ರಲ್ಲಿ ಪಟ್ಟಿ ಸೇರಿತು. ಅದರ ಅಂಕಿ 3293. ಹೆಸರು ತಪ್ಪಿದ ೞ ಅಕ್ಷರದ ಪಕ್ಕದ ಮನೆಯೇ. ಈ ಬಾರಿ ಹೆಸರು ತಪ್ಪಲಿಲ್ಲ.

ಇನ್ನು ಆಗಬೇಕಾದದ್ದು

ರಾಜ್ಯದಲ್ಲಿ 'ಭೂಮಿ' ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು 2002ರ ಹೊತ್ತಿಗೆ ಗಣಕದೊಳಗೆ ಹೋದವು. 2012ರಲ್ಲಿ ರಾಜ್ಯ ಸರ್ಕಾರ ತನ್ನ ಕನ್ನಡ ವ್ಯವಹಾರಕ್ಕೆ ಯೂನಿಕೋಡನ್ನು ಒಪ್ಪಿಕೊಂಡಿತು. 2017-18ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಹೊಸ ತಾಲ್ಲೂಕಾದಾಗ ಕಾಗದ ಪತ್ರಗಳಲ್ಲಿ ಊರಿನ ಪಕ್ಕದ ತಾಲ್ಲೂಕಿನ ಹೆಸರು ಬದಲಾಗಬೇಕಾಯಿತು. ಇಂಥ ಸಮಯದಲ್ಲೇ ಅಂಕಿಯ ಶಿಸ್ತಿನ ಬೆಲೆ ತಿಳಿಯುವುದು.

ಆದರೆ ಸಂಕೇತ ಸರಿಯಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಒಬ್ಬರು 'ಚನ್ನಗಿರಿ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಚೆನ್ನಗಿರಿ' ಎಂದು. ಓದುಗನಿಗೆ ಊರು ಒಂದೇ. ಗಣಕಕ್ಕೆ ಎಂಟು ಅಂಕಿಯ ಊರು ಬೇರೆ, ಒಂಬತ್ತು ಅಂಕಿಯ ಊರು ಬೇರೆ. ಜಗಳೂರನ್ನು ಇಂಗ್ಲಿಷಿನಲ್ಲಿ ಬರೆದರೆ 'ಳ' ಹೋಗಿ 'ಲ' ಬಂದಿರುತ್ತದೆ. ಅದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಂದಾಗ 'ಜಗಲೂರು' ಆಗುವ ಅಪಾಯವಿದೆ. ಅಂಕಿಯ ಕ್ರಮದಲ್ಲಿ ಹೆಸರುಗಳನ್ನು ಜೋಡಿಸಿದರೆ 'ಳ' ಎಂಬುದು 'ವ'ಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಿ ಅದು ಕಟ್ಟಕಡೆಯದು. ಇವನ್ನೆಲ್ಲ ಸರಿಪಡಿಸಬೇಕಾದವನು ಮನುಷ್ಯನೇ. ರೈತನೊಬ್ಬ ತನ್ನ ಪಹಣಿಯನ್ನು, ಬ್ಯಾಂಕಿನ ಪುಸ್ತಕವನ್ನು, ಗುರುತಿನ ಚೀಟಿಯನ್ನು ಅಕ್ಕಪಕ್ಕದಲ್ಲಿಟ್ಟು ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಸಣ್ಣ ಕೆಲಸ. ಪರಿಹಾರ ಧನದ ದಿನ ಅದೇ ದೊಡ್ಡ ಕೆಲಸವಾಗುತ್ತದೆ.

ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದು. 1990ರ ದಶಕದಲ್ಲಿ, 2000ದ ನಂತರದ ಕೆಲವು ವರ್ಷಗಳಲ್ಲಿ ಊರೂರಿನ ಡಿಟಿಪಿ ಕೇಂದ್ರಗಳಲ್ಲಿ ಬೆರಳಚ್ಚಾದ ಶಾಲೆಯ ಸ್ಮರಣ ಸಂಚಿಕೆಗಳು, ಜಾತ್ರೆಯ ಇತಿಹಾಸಗಳು, ಸಹಕಾರ ಸಂಘಗಳ ವರದಿಗಳು, ಜಾನಪದ ಗೀತೆಗಳ ಸಂಗ್ರಹಗಳು ಹಳೆಯ ಫಾಂಟಿನ ಚೂರುಗಳಲ್ಲೇ ಇವೆ. ಕೆಲವು ಫ್ಲಾಪಿಗಳಲ್ಲಿ, ಕೆಲವು ಸಿ.ಡಿ.ಗಳಲ್ಲಿ, ಕೆಲವು ಕೆಟ್ಟು ಮೂಲೆ ಸೇರಿದ ಗಣಕಗಳಲ್ಲಿ. ಅವನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆಗಳು ನುಡಿಯಲ್ಲೂ ಬರಹದಲ್ಲೂ ಇವೆ. ಆದರೆ ಯಾವ ಕಡತ ಯಾವ ಫಾಂಟಿನಲ್ಲಿತ್ತೆಂದು ಬಲ್ಲವರು ಇರುವಾಗಲೇ ಅದು ಆಗಬೇಕು. ಆ ನೆನಪು ಹೋದರೆ ಉಳಿಯುವುದು ಪೌಂಡಿನ ಚಿಹ್ನೆ ಮತ್ತು ಗೀಟು ಹೊತ್ತ ಎ ಮಾತ್ರ. ಕಾಲೇಜಿನ ವಿದ್ಯಾರ್ಥಿಗಳು, ಗ್ರಂಥಾಲಯದವರು, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದವರು ಒಂದು ಬೇಸಿಗೆ ರಜೆ ಕೂಡಿ ದುಡಿದರೆ ಒಂದು ತಾಲ್ಲೂಕಿನ ಇಂಥ ಬರಹಗಳಲ್ಲಿ ಬಹಳಷ್ಟನ್ನು ಉಳಿಸಬಹುದು.

ಶಾಸನ ಕೊರೆಸಿದವರು ಕಲ್ಲನ್ನು ಆರಿಸಿಕೊಂಡರು; ಅದು ಸಾವಿರ ವರ್ಷ ಉಳಿಯಿತು. ಇಂದಿನವರು ಅಂಕಿಯನ್ನು ಆರಿಸಿಕೊಂಡಿದ್ದಾರೆ. ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದು ಅಂಕಿಯ ಗುಣದ ಮೇಲಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವ ಊರಿನವರ ಎಚ್ಚರದ ಮೇಲೂ ನಿಂತಿದೆ.